ವಾರ ವಾರ ಕೊಟ್ಟ ಔಷಧಿ

ಕೆಂಚಿಯ ಚರ್ಮದಿಂದ ಕೆರೆದು ತೆಗೆದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ನನಗೆ ಖುಷಿಯಾಯಿತು. ಕೂದಲೆಲ್ಲ ಉದುರಿ, ಚರ್ಮ ಆನೆಯದರಂತೆ ಕಪ್ಪಗೆ ದಪ್ಪಗಾಗಿ, ನಿಂತಲ್ಲೇ ತೂಕಡಿಸುವ ನಾಯಿಯೊಂದು ಮೇಜಿನ ಮೇಲಿರುವಾಗ ಖುಷಿಪಡುವುದು ಮರ್ಯಾದೆಯಲ್ಲ. ಆದರೆ ಅದಕ್ಕೆ ಮುಂಚೆ ಅರ್ಧ ಗಂಟೆ ನಾನು ವಾದ ಮಾಡಿದ್ದೆ. ಈಗ ಸಾಕ್ಷಿ ಸಿಕ್ಕಿತ್ತು.

ಈ ಪರೀಕ್ಷೆ ನೋಡುವವರಿಗೆ ಹಿತವಲ್ಲ. ಬ್ಲೇಡಿಗೆ ಎಣ್ಣೆ ಸವರಬೇಕು. ಚರ್ಮವನ್ನು ಎರಡು ಬೆರಳುಗಳ ನಡುವೆ ಹಿಂಡಿ, ಕೂದಲ ಬುಡದೊಳಗೆ ಇರುವುದು ಮೇಲಕ್ಕೆ ಬರುವಂತೆ ಮಾಡಬೇಕು. ಸಣ್ಣಗೆ ರಕ್ತ ಜಿನುಗುವವರೆಗೆ ಒಂದೇ ದಿಕ್ಕಿನಲ್ಲಿ ಕೆರೆಯಬೇಕು. ಗಾಜಿನ ಮೇಲೆ ಆ ಎಣ್ಣೆಯ ಹನಿಯೊಳಗೆ ಅವು ಕಂಡವು: ಉದ್ದನೆಯ ಮೈ, ಮುಂಭಾಗದಲ್ಲಿ ಎಂಟು ಮೊಂಡು ಕಾಲುಗಳು. ಒಂದಲ್ಲ, ಎರಡಲ್ಲ. ಗಾಜನ್ನು ಎತ್ತ ಸರಿಸಿದರೂ ಅವೇ.

ಕರೆತಂದಿದ್ದವರು ನಲವತ್ತರ ಆಸುಪಾಸಿನ ಹೆಂಗಸು, ಹೊಳವನಹಳ್ಳಿಯಿಂದ ಆಚೆಗಿನ ಒಂದು ಸಣ್ಣ ಊರಿನವರು. ನಾಯಿ ಅವರದಲ್ಲ, ಅವರ ಅತ್ತೆಯದು. ಅತ್ತೆ ತೀರಿಕೊಂಡು ಏಳು ತಿಂಗಳಾಗಿತ್ತು. ಕೊರಟಗೆರೆಯಲ್ಲಿ ನಾನು ಬಾಡಿಗೆ ಮಳಿಗೆಯೊಂದರಲ್ಲಿ ನಡೆಸುವ ಕ್ಲಿನಿಕ್ಕಿಗೆ ಅವರು ನಾಯಿಯನ್ನು ಬಸ್ಸಿನಲ್ಲಿ, ಹಳೆಯ ಸೀರೆ ಸುತ್ತಿ ತಂದಿದ್ದರು.

"ಮೇಡಮ್ಮ, ಇದು ಕಜ್ಜಿ ಅಲ್ಲ ಅಂತಾರೆ ನಮ್ಮ ಬೀದೀಲಿ," ಎಂದಿದ್ದರು ಬಂದ ಕೂಡಲೆ.

"ಮತ್ತೇನಂತೆ?"

"ನಮ್ಮತ್ತೆ ಮುಟ್ಟಿರೋದಂತೆ. ಅವರು ಹೋದ ಮ್ಯಾಲೇ ಸುರುವಾಗಿದ್ದು ನೋಡಿ."

ಹೋದ ಮೇಲೆ ಶುರುವಾದದ್ದು ಹೋದದ್ದರಿಂದಲೇ ಶುರುವಾಯಿತು ಎನ್ನುವ ತರ್ಕವನ್ನು ಬಿಡಿಸಿಡುವುದು ನನಗೆ ಚರ್ಚಾಸ್ಪರ್ಧೆಯ ದಿನಗಳಿಂದ ಅಭ್ಯಾಸ. ಅತ್ತೆ ಹೋದ ಮೇಲೆ ನಾಯಿ ಎಷ್ಟು ದಿನ ಊಟ ಬಿಟ್ಟಿತ್ತು ಎಂದು ಕೇಳಿದೆ. ಹದಿನೈದು ದಿನ ಮೂಸಿಯೂ ನೋಡಿರಲಿಲ್ಲವಂತೆ. ಈ ಹುಳುಗಳು ಎಲ್ಲ ನಾಯಿಗಳ ಚರ್ಮದಲ್ಲೂ ಒಂದಿಷ್ಟು ಇರುತ್ತವೆ, ಮೈಯ ಶಕ್ತಿ ಕುಂದಿದಾಗ ಮಿತಿಮೀರುತ್ತವೆ, ಅಷ್ಟೇ ವಿಷಯ ಎಂದೆ. ಅವರು ತಲೆಯಾಡಿಸಿದರು. ಒಪ್ಪಿದಂತೆ ಕಾಣಲಿಲ್ಲ. ಅದಕ್ಕೇ ಅವರನ್ನು ಸೂಕ್ಷ್ಮದರ್ಶಕದ ಹತ್ತಿರ ಕರೆದು, "ಬನ್ನಿ ಅಕ್ಕ, ನಿಮ್ಮ ಅತ್ತೆಯ ಬೆರಳುಗಳು ಇಲ್ಲಿವೆ ನೋಡಿ," ಎಂದೆ.

ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಆಡ್ತಾವೆ," ಎಂದರು ಕೊನೆಗೆ, ಪಿಸುದನಿಯಲ್ಲಿ.

ಅವರು ಹೊರಗೆ ಹೋದ ಮೇಲೆ ನಮ್ಮ ಕಾಂಪೌಂಡರ್ ಸಾಹೇಬರು ಕೈ ತೊಳೆಯುತ್ತ ಹೇಳಿದರು, "ಮೇಡಂ, ನೀವು ವಕೀಲಿ ಓದಬೇಕಿತ್ತು. ಗಿರಾಕಿ ಸೋತು ಮನೆಗೆ ಹೋಗೋ ದುಕಾನ್ ಅಂದ್ರೆ ಇಡೀ ತಾಲ್ಲೂಕಲ್ಲಿ ನಮ್ಮದೊಂದೇ." ಸಿರಾದವರು, ನನ್ನ ತಂದೆಗಿಂತ ಹಿರಿಯರು. ನನ್ನ ಬಾಯಿಗೆ ಹೆದರದ ಕೆಲವೇ ಜನರಲ್ಲಿ ಒಬ್ಬರು.

ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು. ಕೂದಲು ಬಂದ ಮಾತ್ರಕ್ಕೆ ಔಷಧಿ ನಿಲ್ಲಿಸುವಂತಿಲ್ಲ. ತಿಂಗಳಿಗೊಮ್ಮೆ ಚರ್ಮ ಕೆರೆದು ನೋಡಬೇಕು. ಒಂದರ ಹಿಂದೊಂದು ಎರಡು ತಿಂಗಳು ಒಂದೂ ಹುಳ, ಒಂದೂ ಮೊಟ್ಟೆ ಕಾಣದಿದ್ದರೆ ಮಾತ್ರ ಮುಗಿಯಿತು ಎನ್ನಬಹುದು. ದಿನವೂ ಕೊಡುವ ಔಷಧಿ ಇದೆ. ಆದರೆ ದಿನವೂ ಅಂದರೆ ಜನ ತಪ್ಪಿಸುತ್ತಾರೆ. ಅದಕ್ಕೆ ಅದೇ ಜಾತಿಯ, ಮೈಯಲ್ಲಿ ಹೆಚ್ಚು ದಿನ ನಿಲ್ಲುವ ಇನ್ನೊಂದು ಔಷಧಿಯನ್ನು ಆರಿಸಿದೆ. ಏಳು ದಿನಕ್ಕೊಂದು ಸಲ, ಬಾಯಿಗೆ.

ಈ ಔಷಧಿಗೆ ಒಂದು ಗುಣವಿದೆ. ಅದು ಹುಳುವಿನ ನರಗಳನ್ನು ಹಿಡಿದು ಅಲುಗದಂತೆ ಮಾಡುತ್ತದೆ. ನಾಯಿಯ ನರಗಳನ್ನೂ ಹಿಡಿಯಬಲ್ಲದು, ಆದರೆ ಮಿದುಳಿನ ಸುತ್ತ ಇರುವ ಬೇಲಿ ಅದನ್ನು ಒಳಗೆ ಬಿಡುವುದಿಲ್ಲ. ಕೆಲವು ನಾಯಿಗಳಲ್ಲಿ ಆ ಬೇಲಿ ಸಡಿಲ. ಕೆಂಚಿಯ ಉದ್ದ ಮೂತಿ, ಸಣ್ಣ ಸೊಂಟ ನೋಡಿದರೆ ಬೇಟೆನಾಯಿಯ ರಕ್ತ ಸ್ವಲ್ಪ ಬೆರೆತಂತಿತ್ತು. ಹಾಗಾಗಿ ನಾಲ್ಕನೆಯ ಒಂದು ಪಾಲಿನಿಂದ ಶುರುಮಾಡಿ, ಪ್ರತಿ ವಾರ ಒಂದಿಷ್ಟು ಏರಿಸಿ, ನಾಲ್ಕನೆಯ ವಾರಕ್ಕೆ ಪೂರ್ತಿ ಪ್ರಮಾಣಕ್ಕೆ ಬರುವಂತೆ ಬರೆದೆ. ಸಿರಿಂಜಿನ ಮೇಲೆ ನಾಲ್ಕು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟೆ. ಜೊಲ್ಲು, ತೂರಾಟ, ಕಣ್ಣಿನ ಪಾಪೆ ಅಗಲವಾಗುವುದು ಕಂಡರೆ ಫೋನ್ ಮಾಡಿ ಎಂದೆ. ಚೀಟಿಯಲ್ಲಿ ಬರೆದೆ: ವಾರ ವಾರ ಕೊಡುವುದು. ಮೊದಲನೆಯದನ್ನು ಅಲ್ಲೇ ಕುಡಿಸಿದೆ. ಅವತ್ತು ಶನಿವಾರ.

"ಮರೀಬೇಡಿ ಅಕ್ಕ."

"ವಾರ ಮರೀತೀನಾ ಮೇಡಮ್ಮ? ಅದೊಂದು ಮಾತ್ರ ನಾನು ತಪ್ಪಿಸಲ್ಲ ಬುಡಿ."

ಇಷ್ಟು ಶ್ರದ್ಧೆಯ ಮಾಲೀಕರು ಸಿಕ್ಕಿದ್ದಕ್ಕೆ ನನಗೆ ಸಮಾಧಾನವಾಯಿತು.

ತಿಂಗಳ ಕೊನೆಗೆ ಕೆರೆದು ನೋಡಿದಾಗ ಹುಳುಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಬಹುಪಾಲು ಸತ್ತವು. ಕಿವಿಯ ಹಿಂದೆ ಕೆಂಚು ಬಣ್ಣದ ನುಣ್ಣನೆಯ ಕೂದಲು. ಅದಾದ ಮೇಲಿನ ಮಂಗಳವಾರ ಬೆಳಿಗ್ಗೆ ಅವರ ಫೋನ್ ಬಂತು.

"ಮೇಡಮ್ಮ, ನಿನ್ನೆ ಸಂಜೆ ಕೆಂಚಿ ನೋಡ್ತಾ ಕುಂತಿದ್ಲು."

"ಏನನ್ನ?"

ಹಿಂದೆ ಅವರ ಗಂಡನ ದನಿ ಕೇಳಿತು: "ಹೇಳು, ಹೇಳು, ಡಾಕ್ಟ್ರ ಹತ್ರ ಏನು ಮುಚ್ಚುಮರೆ." ಆಮೇಲೆ ಅವರೇ ಫೋನ್ ತೆಗೆದುಕೊಂಡರು. "ನಮ್ಮವ್ವ ಕೊಟ್ಟಿಗೆ ಮೂಲೇಲಿ ಹುಣಸೆಹಣ್ಣು ಬಡೀತಿದ್ರು ಕಣಮ್ಮ. ಚಪ್ಪಡಿ ಇನ್ನೂ ಅಲ್ಲೇ ಐತೆ. ಅದರ ಮುಂದೆ ಕುಂತು, ಕಣ್ಣು ಮಿಟುಕಿಸದೆ, ಮ್ಯಾಕೆ ನೋಡ್ತಾ ಅವ್ಳೆ. ಕೂತೋರ ಮುಖ ನೋಡ್ದಂಗೆ."

ಗುರುವಾರ ಅವರು ಕರೆತರುವ ಹೊತ್ತಿಗೆ ಕೆಂಚಿ ಬಾಲ ಆಡಿಸುತ್ತಿದ್ದಳು. ಪಾಪೆಗಳು ತುಸು ದೊಡ್ಡವು ಅನಿಸಿತು. ನಮ್ಮ ಮಳಿಗೆಯೊಳಗೆ ಬೆಳಕು ಕಡಿಮೆ, ಮೇಲಾಗಿ ಹೆದರಿದ ನಾಯಿ ಎಂದುಕೊಂಡೆ. ಉಣ್ಣಿ ಕಡಿತದ ಜ್ವರವಿರಬಹುದೆಂದು ರಕ್ತ ನೋಡಿದೆ. ಏನೂ ಇಲ್ಲ. ಮಧುಗಿರಿಯಲ್ಲಿರುವ ನನ್ನ ಹಿರಿಯ ವೈದ್ಯರಿಗೆ ಫೋನ್ ಮಾಡಿದೆ. "ಔಷಧಿ ಜಾಸ್ತಿ ಬೀಳ್ತಿಲ್ಲ ತಾನೆ? ಮೊದಲು ಅದನ್ನ ಕೇಳು," ಎಂದರು. ಕೇಳಿದೆ. ಸಿರಿಂಜು ತರಿಸಿ, ನೀರು ತುಂಬಿಸಿ ತೋರಿಸಲು ಹೇಳಿದೆ. ಆಕೆ ಗೆರೆಗೆ ಸರಿಯಾಗಿ, ಒಂದು ಕೂದಲೆಳೆ ಆಚೀಚೆ ಇಲ್ಲದೆ ತುಂಬಿಸಿದರು.

"ಯಾವತ್ತೂ ಎರಡು ಸಲ ಕೊಟ್ಟಿಲ್ಲ ತಾನೆ?"

"ಒಂದು ವಾರಕ್ಕೆ ಒಂದೇ ಸಲ ಮೇಡಮ್ಮ. ದೇವರಾಣೆ."

ಅದು ಸುಳ್ಳಾಗಿರಲಿಲ್ಲ. ಅದೇ ತೊಂದರೆ.

ಎರಡನೆಯ ಸೋಮವಾರವೂ ಆಯಿತು, ಮೂರನೆಯದೂ ಆಯಿತು. ಈಗ ಬೀದಿಯವರು ಇನ್ನೊಂದು ಸೇರಿಸಿದ್ದರು: ಸೋಮವಾರ ಸಂಜೆ ಆ ಕೊಟ್ಟಿಗೆಯಿಂದ ಹುಣಸೆಹಣ್ಣು ಬಡಿಯುವ ಸದ್ದು ಬರುತ್ತದೆ. ಮುಂದಿನ ಮಾತು ಆಕೆಯ ಪಾಲಿಗೆ ಬಂತು. ಅತ್ತೆ ಸೊಸೆಗೆ ಕೊನೆಯ ಒಂದು ವರ್ಷ ಮಾತಿರಲಿಲ್ಲವಂತೆ. ಮುದುಕಿ ಬರುತ್ತಿರುವುದು ಸೊಸೆಯನ್ನು ಒಂದು ಕೈ ನೋಡಿಕೊಳ್ಳುವುದಕ್ಕೆ ಎಂದು ನೀರು ಹಿಡಿಯುವಲ್ಲಿ ಎದುರಿಗೇ ಅಂದರಂತೆ. ಮುಂದಿನ ಸಲ ಬಂದಾಗ ಆಕೆ ಮೇಜಿನಂಚು ಹಿಡಿದುಕೊಂಡು ಹೇಳಿದರು:

"ಒಂದೋ ಇವಳು ಹುಸಾರಾಗಬೇಕು, ಇಲ್ಲಾ ನಾನು ಆ ಮನೇಲಿರಲ್ಲ. ದೀಪ ಹಚ್ಚೋಕೆ ಕೊಟ್ಟಿಗೆ ಮುಂದೆ ಹಾಯಬೇಕಲ್ಲ, ಕಾಲು ಬರಲ್ಲ ಮೇಡಮ್ಮ. ಗುರುವಾರಾನೂ ಹಿಡಿದಿದೀನಿ, ಇವಳ ಸಲುವಾಗಿ."

ಆ ಹೊತ್ತಿಗೆ ನಾನು ಸತ್ತವರು ನಾಯಿಗೆ ಕಾಣುತ್ತಾರೆ ಎನ್ನುವುದನ್ನು ಐದು ಅಂಶಗಳಲ್ಲಿ ಖಂಡಿಸಿ ಮುಗಿಸಿದ್ದೆ. ಗುರುವಾರದ ಒಪ್ಪೊತ್ತಿನ ಮಾತು ಕೇಳಿ ರೇಗಿತು. "ನೀವು ಎಷ್ಟು ವಾರ ಬೇಕಾದರೂ ಹಿಡೀರಿ ಅಕ್ಕ, ಅದು ನಿಮ್ಮಿಷ್ಟ. ಔಷಧಿ ಮಾತ್ರ ತಪ್ಪಿಸಬೇಡಿ," ಎಂದೆ.

ಆಕೆ ಕಣ್ಣೊರೆಸಿಕೊಂಡು, "ಇಲ್ಲ, ತಪ್ಪಿಸಲ್ಲ," ಎಂದರು.

ಸಾಹೇಬರು ಇನ್ನೊಂದು ಬಾಟಲಿ ತೆಗೆದುಕೊಡುತ್ತ, "ಇದು ಬೇಗ ಖಾಲಿ ಆಗ್ತಿದೆ ಮೇಡಂ," ಎಂದರಂತೆ. ನನಗೆ ಕೇಳಿಸಿದ ನೆನಪಿಲ್ಲ. ಆರನೆಯ ಅಂಶ ಹುಡುಕುತ್ತಿದ್ದೆನೋ ಏನೋ.

ಆ ಮೇಲಿನ ಸೋಮವಾರ ಮಧ್ಯಾಹ್ನ ಗಂಡನ ಫೋನ್. ಕೆಂಚಿ ಬೆಳಿಗ್ಗೆಯಿಂದ ಕೊಟ್ಟಿಗೆಯ ಕಂಬ ಸುತ್ತುತ್ತಿದ್ದಾಳೆ, ಕರೆದರೆ ಕಿವಿ ಕೂಡ ಆಡಿಸುವುದಿಲ್ಲ. ನಾನು ಸ್ಕೂಟರ್ ತೆಗೆದೆ. ಹೊರಡುವಾಗ ಸಾಹೇಬರಿಗೆ, "ಇವತ್ತು ಆ ಅಜ್ಜಿಯನ್ನು ಮುಖಾಮುಖಿ ನೋಡಿಯೇ ಬರ್ತೀನಿ," ಎಂದು ನಗುತ್ತ ಹೇಳಿದ್ದೆ. ಅವರು ನಗಲಿಲ್ಲ. "ಡ್ರಿಪ್ ಸೆಟ್ ತಗೊಂಡು ಹೋಗಿ," ಎಂದರು.

ಅವರ ಮನೆ ಊರಿನ ಅಂಚಿಗೆ, ಬೋಳು ಬಂಡೆಯ ಬೆಟ್ಟದ ಬುಡಕ್ಕಿದೆ. ಅಲ್ಲಿ ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಬೆಟ್ಟದ ನೆರಳು ಬೀದಿಯ ಮೇಲೆ ಬೀಳುತ್ತದೆ. ಆಕಾಶದಲ್ಲಿ ಬೆಳಕು ಹಾಗೇ ಇರುತ್ತದೆ, ನೆಲದ ಮೇಲೆ ಇರುವುದಿಲ್ಲ. ನಾನು ಹೋದಾಗ ಬೇಲಿಯಾಚೆ ಏಳೆಂಟು ಜನ ನಿಂತಿದ್ದರು. ಸ್ಕೂಟರ್ ನಿಲ್ಲಿಸಿದ ಮೇಲೆ ಕೇಳಿಸಿತು.

ಟಕ್. ಟಕ್. ಸ್ವಲ್ಪ ಬಿಟ್ಟು, ಟಕ್.

"ಕೇಳಿಸ್ತಾ ಅಮ್ಮ?" ಎಂದರು ಗಂಡ. ಐವತ್ತರ ಹತ್ತಿರದ ಮನುಷ್ಯ, ತಲೆಗೆ ಟವೆಲ್ ಸುತ್ತಿದ್ದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. "ಅವ್ವ ಬಡಿಯೋದು ಇಂಗೇನೇ. ಎಲ್ಡು ಏಟು, ಬೀಜ ತಗಿಯೋದು, ಆಮ್ಯಾಲೆ ಒಂದು."

ಒಳಗೆ ಹೋದೆ. ಕೊಟ್ಟಿಗೆಯಲ್ಲಿ ಹಸುವಿರಲಿಲ್ಲ, ಆಚೆ ಕಟ್ಟಿದ್ದರು. ಮೂಲೆಯಲ್ಲಿ ಅಂಗೈಯಷ್ಟು ಕುಳಿಬಿದ್ದ ಚಪ್ಪಡಿ. ಅದರ ಮುಂದೆ ಕೆಂಚಿ ಮುಂಗಾಲು ಚಾಚಿ, ಕೊರಳು ನೀಡಿ ಕೂತಿದ್ದಳು. ತಲೆ ಸಣ್ಣಗೆ ನಡುಗುತ್ತಿತ್ತು. ತೂಗಿ ತೂಗಿ ಕೆಳಗಿಳಿದಾಗಲೆಲ್ಲ ಕೊರಳಿನ ಹಿತ್ತಾಳೆ ಬಿಲ್ಲೆ ಕಲ್ಲಿಗೆ ತಾಗುತ್ತಿತ್ತು. ನಾನು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದೆ. ಸದ್ದು ನಿಂತಿತು. ಬೇಲಿಯಾಚೆಯವರಿಗೆ ಕೇಳುವಂತೆ, "ಇದು, ಇಷ್ಟೇ," ಎಂದು ಕೂಗಿದೆ.

ಆಮೇಲೆ ಅವಳ ಮುಖ ನೋಡಿದೆ. ಕಣ್ಣಿನ ಕಂದು ಬಣ್ಣ ಇರಲೇ ಇಲ್ಲ. ಪಾಪೆ ಅಂಚಿನವರೆಗೆ ಹರಡಿ, ಎರಡು ಕಪ್ಪು ತೂತುಗಳು. ಟಾರ್ಚ್ ಬಿಟ್ಟೆ. ಕುಗ್ಗಲಿಲ್ಲ. ಒಂದು ಪರೀಕ್ಷೆಯಿದೆ: ಗಾಳಿ ತಾಗದಂತೆ, ಸದ್ದಾಗದಂತೆ ಅಂಗೈಯನ್ನು ಸರ್ರನೆ ಕಣ್ಣಿನ ಹತ್ತಿರ ತರುವುದು. ಕಾಣುವ ನಾಯಿ ಮಿಟುಕಿಸುತ್ತದೆ. ಕೆಂಚಿ ಮಿಟುಕಿಸಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಕುರುಡಾಗಿದ್ದಾಳೆ, ಬರೆದುಕೊಳ್ಳಬೇಕು ಎಂದುಕೊಳ್ಳುತ್ತಿರುವಾಗ ಅವಳ ಮುಖ ನಿಧಾನವಾಗಿ ಎಡದಿಂದ ಬಲಕ್ಕೆ ಹೋಯಿತು. ಆಮೇಲೆ ಮೇಲಕ್ಕೆ. ಕೂತಿದ್ದವರು ಮಂಡಿ ಹಿಡಿದು, ಕಲ್ಲಿಗೆ ಕೈಯೂರಿ ಏಳುವುದನ್ನು ನೋಡಿದ ಹಾಗೆ. ಅವಳು ಈಗ ನನ್ನ ಭುಜದ ಮೇಲಿನಿಂದ ಹಿಂದಕ್ಕೆ ನೋಡುತ್ತಿದ್ದಳು.

ನಾನು ತಿರುಗಿ ನೋಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನೋಡಿದೆ.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಕೂದಲು ಬಿಚ್ಚಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಗುರುತು ಸಿಕ್ಕಿತು. ಆಕೆಯೇ, ತಲೆಗೆ ನೀರು ಹಾಕಿಕೊಂಡು ಬಂದಿದ್ದರು. ಹಣೆಗೆ ವಿಭೂತಿ. ಕೈಯಲ್ಲಿ ಸಿರಿಂಜು.

"ಏನಕ್ಕ ಅದು?"

"ಔಷ್ದಿ ಕಣಮ್ಮ. ಪೂಜೆ ಆಯ್ತು, ಕೊಟ್ಟುಬುಡ್ತೀನಿ."

"ಇವತ್ತು ಸೋಮವಾರ!"

"ಊಂ. ವಾರ ಅಲ್ವಾ?"

ನನ್ನ ಕೈಯಿಂದ ಬಿಲ್ಲೆ ಜಾರಿತು. ಟಕ್ ಎಂದಿತು.

"ಶನಿವಾರ?"

"ಕೊಟ್ಟೆ."

"ಗುರುವಾರ?"

"ಗುರುವಾರಾನೂ ಹಿಡಿದಿದೀನಿ ಅಂತ ನಿಮಗೇ ಹೇಳಿದ್ನಲ್ಲ. ನೀವೇ ಅಂದ್ರಿ, ಎಷ್ಟು ವಾರ ಬೇಕಾದ್ರೂ ಹಿಡೀರಿ, ಔಷ್ದಿ ಮಾತ್ರ ತಪ್ಪಿಸಬ್ಯಾಡಿ ಅಂತ." ಆಕೆ ಒಂದು ಹೆಜ್ಜೆ ಮುಂದೆ ಬಂದರು. "ಏನಾಯ್ತು ಮೇಡಮ್ಮ?"

ನಾನು ಮಧುಗಿರಿಯಲ್ಲಿ ಹುಟ್ಟಿದವಳು. ನಮ್ಮ ಕಡೆ ವಾರ ಎಂದರೆ ಏಳು ದಿನವೂ ಹೌದು, ಮನೆದೇವರ ದಿನವೂ ಹೌದು. ಅವತ್ತು ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಬಾಡೂಟ ಮುಟ್ಟದೆ ಒಂದು ಹೊತ್ತು ಇರುತ್ತಾರೆ. ನಮ್ಮಜ್ಜಿ ವಾರ ಮಾಡುತ್ತಿದ್ದರು. ಅಮ್ಮ ಈಗಲೂ ಮಾಡುತ್ತಾಳೆ. ಗಂಡನ ಮನೆಯ ದೇವರಿಗೆ ಶನಿವಾರ, ತವರಿನ ದೇವರಿಗೆ ಸೋಮವಾರ, ಈ ಮನೆಯಲ್ಲಿ ಎರಡು ವಾರ. ವಾರ ವಾರ ಕೊಡಿ ಎಂದು ನಾನು ಬರೆದದ್ದನ್ನು ಆಕೆ ಮೊದಲ ದಿನದಿಂದ ಅಕ್ಷರಶಃ ಪಾಲಿಸಿದ್ದರು. ಶನಿವಾರದ ಔಷಧಿ ಇಳಿಯುವ ಮುಂಚೆ ಸೋಮವಾರದ್ದು ಅದರ ಮೇಲೆ ಕೂತಿತ್ತು. ನಾಯಿ ಹೆದರಿಸಿದ್ದಕ್ಕೆ ಆಕೆ ಇನ್ನೊಂದು ವಾರ ಹಿಡಿದರು. ಹಿಡಿದ ವಾರ ಇನ್ನೊಂದು ಸಿರಿಂಜು ತಂದಿತು. ಬೇಲಿ ಮುರಿದು ಔಷಧಿ ಮಿದುಳಿಗೆ ನುಗ್ಗಿತ್ತು.

ಸಿರಿಂಜನ್ನು ಆಕೆಯ ಕೈಯಿಂದ ಕಿತ್ತುಕೊಂಡೆ.

ಈ ವಿಷಕ್ಕೆ ಪ್ರತಿವಿಷವಿಲ್ಲ. ಲಗೇಜ್ ಆಟೋದಲ್ಲಿ ಮಲಗಿಸಿ ಕೊರಟಗೆರೆಗೆ ತಂದೆವು. ಔಷಧಿ ತಾನಾಗಿ ಇಳಿಯುವವರೆಗೆ ನಾಯಿಯನ್ನು ಉಳಿಸಿಕೊಳ್ಳುವುದಷ್ಟೇ ಕೆಲಸ: ರಕ್ತನಾಳಕ್ಕೆ ಡ್ರಿಪ್, ಮೂಗಿನ ಕೊಳವೆಯಲ್ಲಿ ಗಂಜಿ, ಪಿತ್ತದೊಡನೆ ಕರುಳಿಗೆ ಮರಳಿ ಬರುವ ಔಷಧಿಯನ್ನು ಹೀರಿಕೊಳ್ಳಲು ಇದ್ದಿಲ ಪುಡಿ, ಮಿಟುಕದ ಕಣ್ಣು ಒಣಗದಂತೆ ಮುಲಾಮು, ಒಂದೇ ಮಗ್ಗುಲಲ್ಲಿ ಹುಣ್ಣಾಗದಂತೆ ಮತ್ತೆ ಮತ್ತೆ ಹೊರಳಿಸುವುದು. ಮಂಗಳವಾರ ಅವಳು ಪೂರ್ತಿ ಬಿದ್ದಳು. ಎದೆ ಬಡಿತ ನಿಧಾನವಾಯಿತು. ಕಣ್ಣು ಮಾತ್ರ ತೆರೆದೇ ಇತ್ತು. ಹೊರಳಿಸಿದ ಪ್ರತಿ ಸಲವೂ ಅಂಗೈ ತಂದು ನೋಡಿದೆ. ಇಲ್ಲ. ಇಲ್ಲ.

"ನಾನು ಹೇಳಿದ್ನಲ್ಲ ಮೇಡಂ, ಬಾಟಲಿ ಬೇಗ ಖಾಲಿ ಆಗ್ತಿದೆ ಅಂತ," ಎಂದರು ಸಾಹೇಬರು, ಗಂಜಿ ಸೋಸುತ್ತ. "ಆವಾಗ ನಿಮ್ಮ ತಕರೀರ್, ಭಾಷಣ, ನಡೀತಿತ್ತು."

ಬುಧವಾರ ಗಂಡ ಬಂದರು, ಜೊತೆಗೆ ಬೀದಿಯ ಇಬ್ಬರು. ಆಕೆ ಸೋಮವಾರದಿಂದ ನಮ್ಮ ಬೆಂಚಿನ ಮೇಲೆ ಇದ್ದರು. ನಾಯಿಗೆ ಹೀಗೇಕಾಯಿತು ಎಂಬುದು ಆಕೆಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ನನ್ನ ವಿವರಣೆ ಕೇಳಿ ಆಕೆಗೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ದೆವ್ವ ಇಲ್ಲ, ಅತ್ತೆ ಇಲ್ಲ. ಆಕೆ ತನ್ನ ಅಂಗೈ ನೋಡಿಕೊಂಡು, "ಹಂಗಾರೆ ಈ ಕೈಯೇ," ಎಂದಿದ್ದರು. ಆಮೇಲೆ ನಾಯಿಯನ್ನು ಮುಟ್ಟಿರಲಿಲ್ಲ.

"ಯಾರು ಮಾಡಿದ್ದು ಇದು, ಅದನ್ನ ಹೇಳಿ," ಎಂದರು ಗಂಡ. ನಾಯಿಯನ್ನು ನೋಡಿ ಅವರ ದನಿ ಒಡೆದಿತ್ತು. "ಲೇ, ನೀನಾ? ಅವ್ವನ ನಾಯಿ ಅಂತಲಾ?"

ಜೊತೆಗೆ ಬಂದವರು ಆಕೆಯ ಕಡೆ ತಿರುಗಿದರು. ಆಕೆ ಗೋಡೆಗೆ ಒರಗಿ ನಿಂತರು.

ನನ್ನ ಬಳಿ ವಾದವಿತ್ತು. ಔಷಧಿಯ ಮಾತಿನಲ್ಲಿ ವಾರ ಎಂದರೆ ಏಳು ದಿನ ಎಂದು ಯಾರಿಗೂ ಗೊತ್ತು, ಎರಡು ಸಲ ವಿಚಾರಿಸಿದ್ದೇನೆ, ಸಿರಿಂಜು ತುಂಬಿಸಿ ನೋಡಿದ್ದೇನೆ, ಲಕ್ಷಣಗಳನ್ನು ಮೊದಲೇ ಹೇಳಿದ್ದೇನೆ. ಎಲ್ಲವೂ ನಿಜ, ಯಾವ ತೀರ್ಪುಗಾರರೂ ನನಗೇ ಅಂಕ ಕೊಡುತ್ತಿದ್ದರು. ಆ ಚೀಟಿ ಮೇಜಿನ ಮೇಲಿತ್ತು, ನನ್ನದೇ ಅಕ್ಷರ. ಗೆದ್ದರೆ ಏನಾಗುತ್ತದೆ ಎಂಬುದು ಗೋಡೆಯ ಹತ್ತಿರ ನಿಂತಿತ್ತು. ದೆವ್ವದ ಬಾಯಿಂದ ಬಿಡಿಸಿ ಬೀದಿಯ ಬಾಯಿಗೆ ಕೊಟ್ಟ ಹಾಗೆ.

"ತಪ್ಪು ನನ್ನದು, ಅಣ್ಣ," ಎಂದೆ. "ವಾರ ವಾರ ಅಂತ ಬರೆದುಕೊಟ್ಟೆ. ಶನಿವಾರ ಅಂತ ಬರೆಯಬೇಕಿತ್ತು. ಗುರುವಾರವೂ ಹಿಡಿದೆ ಅಂತ ಅಕ್ಕ ಬಾಯಿಬಿಟ್ಟು ಹೇಳಿದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ನಾನು ಹೇಳಿದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದ್ದಾರೆ." ಬೀದಿಯವರನ್ನು ನೋಡಿ, "ಊರಲ್ಲೂ ಹೀಗೇ ಹೇಳಿ," ಎಂದೆ.

ಗಂಡ ಬೈಯುತ್ತಾರೆ ಎಂದು ಕಾದೆ.

"ಅಂದ್ರೆ, ಸೋಮವಾರ ಸೋಮವಾರ ಅವ್ವ ಬರ್ತಿರಲಿಲ್ಲ ಅಂತೀರಿ."

"ಇಲ್ಲ."

"ಒಂದು ಸಲಾನೂ?"

"ಒಂದು ಸಲವೂ ಇಲ್ಲ."

ಒಳ್ಳೆಯ ಸುದ್ದಿ ಕೊಟ್ಟೆ ಎಂದೇ ಆಗ ನಾನು ತಿಳಿದಿದ್ದೆ.

ಶನಿವಾರ ಸಂಜೆ, ನಾಲ್ಕು ಗಂಟೆಯ ಸುಮಾರಿಗೆ, ಅಂಗೈ ತಂದಾಗ ಕೆಂಚಿ ಮಿಟುಕಿಸಿದಳು. ಇನ್ನೊಮ್ಮೆ ತಂದೆ. ಮಿಟುಕಿಸಿ, ಮುಖ ಹಿಂದಕ್ಕೆಳೆದುಕೊಂಡಳು. ಸಾಹೇಬರು ಮೇಲೆ ನೋಡಿ ಏನೋ ಹೇಳಿಕೊಂಡರು. ಆಕೆ ಬೆಂಚಿನಿಂದ ಎದ್ದು ಬಂದರು. ಅವತ್ತು ಆಕೆಯ ವಾರ, ಬೆಳಗಿನಿಂದ ಏನೂ ತಿಂದಿರಲಿಲ್ಲ. ಅಂಜುತ್ತ ಕೈಚಾಚಿದರು. ನಾಯಿ ಆ ಕೈಯನ್ನು ಮೂಸಿ ನೆಕ್ಕಿತು.

ಮೂರು ವಾರ ಔಷಧಿ ನಿಲ್ಲಿಸಿದ್ದಕ್ಕೆ ಹುಳುಗಳು ಮತ್ತೆ ಹೆಚ್ಚಿದವು. ತಿಂಗಳ ಕೆಲಸ ನೀರಿಗೆ ಹೋಯಿತು. ಬೇರೆ ಔಷಧಿ ಬಳಸೋಣವೇ ಎಂದು ಮಧುಗಿರಿಯ ಹಿರಿಯರೊಡನೆ ಚರ್ಚಿಸಿದೆ. ಅವಳಿಗೆ ಆಗಿದ್ದು ಅತಿಯಾದದ್ದರಿಂದ, ಒಗ್ಗದ್ದರಿಂದಲ್ಲ ಎಂದು ಅವರಿಗೂ ಅನಿಸಿತು. ಅರ್ಧ ಪ್ರಮಾಣದಿಂದ ಮತ್ತೆ ಶುರುಮಾಡಿದೆ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಶನಿವಾರ ಮಾತ್ರ. ಆಕೆಯಿಂದಲೇ ಬಾಯಲ್ಲಿ ಹೇಳಿಸಿದೆ. "ಸೋಮವಾರ ನನ್ನ ದೇವರಿಗೆ, ಶನಿವಾರ ದೇವರಿಗೂ ಕೆಂಚಿಗೂ," ಎಂದು ನಕ್ಕರು. ನಾನು ಅವರ ವಾರಗಳ ಬಗ್ಗೆ ಬಾಯಿಬಿಡಲಿಲ್ಲ. ಈಗ ಹೊಸ ಗಿರಾಕಿಗಳಿಗೆ ಚೀಟಿ ಬರೆಯುವಾಗ, ನಿಮ್ಮ ಮನೆಯಲ್ಲಿ ಯಾವ ವಾರ ಮಾಡ್ತೀರಿ ಎಂದು ಮೊದಲೇ ಕೇಳುತ್ತೇನೆ. ಕೆಲವರು ನನ್ನನ್ನು ಭಕ್ತೆ ಎಂದುಕೊಂಡಿದ್ದಾರೆ.

ಐದು ತಿಂಗಳು ಹಿಡಿಯಿತು. ಕೆಂಚು ಕೂದಲು ಮೈತುಂಬ ಬಂತು. ಒಂದು ತಿಂಗಳು ಗಾಜಿನ ಮೇಲೆ ಏನೂ ಕಾಣಲಿಲ್ಲ. ಮರುತಿಂಗಳು ಗಂಡ ಹೆಂಡತಿ ಇಬ್ಬರೂ ಕರೆತಂದರು. ನಾಲ್ಕು ಕಡೆ ಕೆರೆದೆ, ನಾಲ್ಕು ಗಾಜುಗಳನ್ನೂ ಅಂಚಿನಿಂದ ಅಂಚಿಗೆ ನೋಡಿದೆ. ಒಂದು ಸತ್ತ ಹುಳುವೂ ಇಲ್ಲ.

"ಮುಗೀತು ಅಕ್ಕ. ಇನ್ನು ಔಷಧಿ ಬೇಡ."

ಆಕೆ ಎರಡೂ ಕೈಯಲ್ಲಿ ನಾಯಿಯ ಮುಖ ಹಿಡಿದು, "ಕೇಳಿದ್ಯೇನೇ," ಎಂದರು. ಬಸ್ಸು ನೋಡುತ್ತೇನೆಂದು ಹೊರಗೆ ಹೋದರು.

"ಇನ್ನು ಯಾವತ್ತೂ ಬ್ಯಾಡ್ವಾ?" ಎಂದರು ಗಂಡ.

"ಯಾವತ್ತೂ ಬೇಡ."

ಅವರು ಹೊರಡಲಿಲ್ಲ, ಸ್ಟೂಲಿನ ಮೇಲೆ ಕೂತರು. ಬಾಗಿಲ ಕಡೆ ಒಮ್ಮೆ ನೋಡಿ, ಅಂಗಿಯ ಜೇಬಿನಿಂದ ಔಷಧಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಇವತ್ತು ಸೋಮವಾರ ಅಮ್ಮ."

"ಹೌದು."

"ಒಂದು ಸಲ. ಸಾಯದಷ್ಟು. ಆ ಮೊದಮೊದಲು ಆಗ್ತಿತ್ತಲ್ಲ, ಬರೀ ನೋಡ್ತಾ ಕುಂತಿರ್ತಿದ್ಲಲ್ಲ, ಅಷ್ಟು." ಅವರು ನನ್ನ ಮುಖ ನೋಡುತ್ತಿರಲಿಲ್ಲ. "ಅವಾಗೆಲ್ಲ ನಾನು ಹೋಗಿ ಪಕ್ಕದಲ್ಲಿ ಕೂರ್ತಿದ್ದೆ. ಅವ್ಳು ಎಲ್ಲಿ ನೋಡ್ತಾಳೋ ಅಲ್ಲೇ ನೋಡ್ತಾ."

"ಅಣ್ಣ, ಅವಳಿಗೆ ಕಣ್ಣೇ ಕಾಣಿಸ್ತಿರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ."

"ಗೊತ್ತಾಯ್ತು ಕಣಮ್ಮ. ನೀವು ಅವತ್ತು ಬುಡಿಸಿ ಹೇಳಿದ್ರಲ್ಲ, ಎಲ್ಲಾ ಗೊತ್ತಾಯ್ತು." ಟವೆಲ್ಲಿನಿಂದ ಬಾಯೊರೆಸಿಕೊಂಡರು. "ಆದ್ರೂ ಕೇಳ್ದೆ."

ಐದು ಅಂಶಗಳಲ್ಲಿ ಒಂದೂ ನೆನಪಾಗಲಿಲ್ಲ. ಬಾಟಲಿ ತೆಗೆದುಕೊಂಡೆ. ಅವರ ಕಣ್ಣೆದುರೇ ತೊಟ್ಟಿಗೆ ಬಗ್ಗಿಸಿದೆ, ನೀರು ಬಿಟ್ಟೆ. ಅವರು ಅದನ್ನು ಕೊನೆಯ ಹನಿಯವರೆಗೂ ನೋಡಿದರು.

ಹೊರಗಿನಿಂದ ಆಕೆ ಕೂಗಿದರು, "ಬತ್ತೀರೋ ಇಲ್ವೋ? ಬಸ್ ಬಂತು!"

ಕೆಂಚಿ ಮೇಜಿನಿಂದ ಜಿಗಿದು ಆ ದನಿಯ ಕಡೆ ಓಡಿದಳು. ಅವರು ಕೂತೇ ಇದ್ದರು.